ಹಾಡು ಅಪ್‌ಲೋಡ್ ಆಯ್ತು, ಕೇಳೋರನ್ನ ಎಲ್ಲಿಂದ ತರೋದು?

ನಮ್ಮದು ಧಾರವಾಡದ ಮೂರು ಜನರ ತಂಡ. ನಾನು ಹಾಡುತ್ತೇನೆ, ಹಾರ್ಮೋನಿಯಂ ನುಡಿಸುತ್ತೇನೆ. ಒಬ್ಬ ಗಿಟಾರು, ಮಿಕ್ಸಿಂಗು ನೋಡಿಕೊಳ್ಳುತ್ತಾನೆ. ಇನ್ನೊಬ್ಬ ತಬಲಾ, ಢೋಲಕಿ, ಬೇಕಾದರೆ ಟೇಬಲ್ಲನ್ನೂ ಬಾರಿಸುತ್ತಾನೆ. ಮೂವರಿಗೂ ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಹಾಡುಗಳು ಹೆಚ್ಚಿನವು ನಮ್ಮವೇ, ನಮ್ಮ ಕಡೆಯ ಮಾತಿನಲ್ಲೇ ಬರೆದವು. ನಡುನಡುವೆ ಶಿಶುನಾಳ ಶರೀಫರ ತತ್ವಪದ. ಸಿನಿಮಾ ಇಲ್ಲ, ಲೇಬಲ್ ಇಲ್ಲ, ಮ್ಯಾನೇಜರ್ ಅಂತೂ ಇಲ್ಲವೇ ಇಲ್ಲ.

ಈಗೀಗ ಹೊಸದಾಗಿ ಹಾಡು ಮಾಡುವ ಹುಡುಗರು ಫೋನ್ ಮಾಡುತ್ತಾರೆ. "ಅಕ್ಕಾರ, ಹಾಡು ರೆಡಿ ಐತ್ರಿ, ಮುಂದ ಏನ್ ಮಾಡೂದ್ರಿ?" ಎಲ್ಲರಿಗೂ ಅದದೇ ಹೇಳಿ ಹೇಳಿ ಗಂಟಲು ಒಣಗಿದೆ. ಬರೆದೇ ಬಿಡೋಣ ಅನ್ನಿಸಿತು. ಇದು ನಮ್ಮ ಊರಿನ, ನಮ್ಮ ತರಹದ ಹಾಡಿನ ಅನುಭವ. ಬೆಂಗಳೂರಿನ ರಾಕ್ ಬ್ಯಾಂಡಿಗೋ ರ‍್ಯಾಪ್ ಮಾಡುವವರಿಗೋ ಅರ್ಧದಷ್ಟು ಹೊಂದಬಹುದು, ಉಳಿದರ್ಧ ಅವರೇ ಬರೆಯಲಿ.

ಮೊದಲು ಹಾಡು ಯಾರದ್ದು ಅನ್ನೋದು ಇತ್ಯರ್ಥ ಆಗಬೇಕು. ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ದೇಶದಲ್ಲಿ ಬರೆದವರು ಹೋದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ, ಹಾಗಾಗಿ ಶರೀಫರ ಪದ ಯಾರು ಬೇಕಾದರೂ ಹಾಡಬಹುದು. ವಚನ, ದಾಸರ ಪದಗಳೂ ಹಾಗೆಯೇ. ಧಾರವಾಡದಲ್ಲಿದ್ದು ಬೇಂದ್ರೆಯವರ ಕವಿತೆ ಹಾಡಬೇಕು ಅಂತ ಯಾರಿಗೆ ಆಸೆ ಇರೋದಿಲ್ಲ? ಆದರೆ ಅವರು ಹೋದದ್ದು 1981ರಲ್ಲಿ, ಅಂದರೆ 2041ರ ಕೊನೆಯ ತನಕ ಹಕ್ಕುದಾರರ ಅನುಮತಿ ಇಲ್ಲದೆ ರೆಕಾರ್ಡ್ ಮಾಡಿ ಬಿಡುಗಡೆ ಮಾಡೋ ಹಾಗಿಲ್ಲ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಪದ ಶರೀಫರದ್ದೇ ಇರಬಹುದು, ಆದರೆ ನೀವು ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತ ಧಾಟಿ ಬೇರೆ ಯಾರೋ ಸಂಯೋಜಕರದ್ದು, ಅದಕ್ಕೆ ಹಕ್ಕು ಇದೆ. ನಾವು ತತ್ವಪದಗಳಿಗೆಲ್ಲ ನಮ್ಮದೇ ಧಾಟಿ ಕೂಡಿಸಿದ್ದು ಅದಕ್ಕೇ. ಇಷ್ಟು ಮಾಡಿಯೂ ಒಂದು ಶರೀಫರ ಪದದ ಮೇಲೆ ಯೂಟ್ಯೂಬ್‌ನಲ್ಲಿ ಒಂದು ಆಡಿಯೊ ಕಂಪನಿಯವರು "ಇದು ನಮ್ಮದು" ಅಂತ ಹಕ್ಕು ಹೂಡಿದರು. ನಾವು ಆಕ್ಷೇಪಣೆ ಹಾಕಿದೆವು. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಅವರು ಕೊಡಲಿಲ್ಲ, ಹಕ್ಕು ತಾನಾಗಿಯೇ ಬಿದ್ದುಹೋಯಿತು. ಹೆದರಿ ವಿಡಿಯೊ ತೆಗೆದುಬಿಡುವವರೇ ಜಾಸ್ತಿ, ತೆಗೆಯಬೇಡಿ. ಸಾಹಿತ್ಯ ಎಲ್ಲಿಂದ ತಗೊಂಡಿರಿ, ಧಾಟಿ ಯಾರು ಮಾಡಿದರು, ಯಾವ ದಿನ ರೆಕಾರ್ಡ್ ಮಾಡಿದಿರಿ, ಎಲ್ಲ ಬರೆದಿಟ್ಟುಕೊಂಡಿದ್ದರೆ ಆಯ್ತು.

ಆಮೇಲೆ ಡಿಸ್ಟ್ರಿಬ್ಯೂಟರ್. ಸ್ಪಾಟಿಫೈ, ಜಿಯೊಸಾವನ್, ಆ್ಯಪಲ್ ಮ್ಯೂಸಿಕ್, ಇನ್‌ಸ್ಟಾಗ್ರಾಂ, ಇವಕ್ಕೆಲ್ಲ ಹಾಡು ತಲುಪಿಸುವವರು ಇವರೇ. ಕೆಲವರು ವರ್ಷಕ್ಕಿಷ್ಟು ಅಂತ ಚಂದಾ ತಗೋತಾರೆ, ಕೆಲವರು ಬಂದ ದುಡ್ಡಿನಲ್ಲಿ ಪಾಲು. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾಳೆ ನಾನು ಚಂದಾ ಕಟ್ಟದಿದ್ದರೆ ನನ್ನ ಹಾಡು ಇರುತ್ತೋ, ಇಳಿಯುತ್ತೋ? ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಯ ಒಂದು ಗುರುತು ಬರುತ್ತದೆ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಅದೇ ನಂಬರ್ ಕೊಟ್ಟರೆ ಹಳೆಯ ಕೇಳಿಕೆಯ ಲೆಕ್ಕ ಹಾಡಿನ ಜೊತೆಗೇ ಬರುತ್ತದೆ, ಇಲ್ಲದಿದ್ದರೆ ಮತ್ತೆ ಸೊನ್ನೆಯಿಂದ ಶುರು.

ಹೆಸರಿನ ಗೋಳು ಬೇರೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಹಾಡಿಗೆ ದೀರ್ಘ ಅಂತ ಎರಡು 'ಎ' ಹಾಕಿ, ಇನ್ನೊಂದಕ್ಕೆ ಒಂದೇ 'ಎ' ಹಾಕಿದರೆ ಆ್ಯಪ್ ಪ್ರಕಾರ ನೀವು ಇಬ್ಬರು ಬೇರೆ ಬೇರೆ ಕಲಾವಿದರು. ಎರಡು ಪುಟ, ಎರಡೂ ಖಾಲಿ ಖಾಲಿ. ನಮ್ಮದೇ ಹೆಸರಿನ ಇನ್ನೊಂದು ತಂಡ ಉತ್ತರ ಭಾರತದಲ್ಲಿತ್ತು. ಅವರ ಹಾಡು ನಮ್ಮ ಪುಟಕ್ಕೆ ಬಂದು ಕೂತು, ನಮ್ಮ ಕೇಳುಗರು "ಯಾವಾಗ ಹಿಂದಿ ಶುರು ಮಾಡಿದ್ರಿ?" ಅಂತ ಕೇಳಿದರು. ಕಲಾವಿದರ ಖಾತೆಯಿಂದ ದೂರು ಕೊಟ್ಟರೆ ಸರಿಪಡಿಸುತ್ತಾರೆ, ಆದರೆ ಹೆಸರು ಇಡುವ ಮುಂಚೆಯೇ ಒಮ್ಮೆ ಹುಡುಕಿ ನೋಡುವುದು ಸುಲಭ. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಗಾನತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದಿದ್ದವಂತೆ! ಆಗ ಹುಡುಕುವ ಪೆಟ್ಟಿಗೆ ಇರಲಿಲ್ಲ, ನಡೀತು.

ಸ್ಪಾಟಿಫೈನಲ್ಲಿ ಅವರದೇ ಎಡಿಟರ್‌ಗಳು ಮಾಡುವ ಪ್ಲೇಲಿಸ್ಟ್‌ಗಳಿವೆ. ಅದಕ್ಕೆ ಹಾಡು ಕಳಿಸಬೇಕಾದರೆ ಹಾಡು ಇನ್ನೂ ಬಿಡುಗಡೆ ಆಗಿರಬಾರದು, ಒಂದು ಸಲಕ್ಕೆ ಒಂದೇ ಹಾಡು. ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಕಳಿಸಿದರೆ ಇನ್ನೊಂದು ಲಾಭ ಇದೆ, ಹಾಡು ನಿಮ್ಮನ್ನು ಫಾಲೋ ಮಾಡುವವರ ಶುಕ್ರವಾರದ ಹೊಸ ಹಾಡುಗಳ ಪಟ್ಟಿಗೆ ಹೋಗುತ್ತದೆ. ನಾವು ಮೂರು ನಾಲ್ಕು ವಾರ ಮೊದಲೇ ಕಳಿಸುತ್ತೇವೆ, ಯಾಕಂದರೆ ಡಿಸ್ಟ್ರಿಬ್ಯೂಟರ್ ಕಡೆಯಿಂದಲೇ ಕೆಲವೊಮ್ಮೆ ತಡ. ವಿವರಣೆಗೆ ಕೊಡೋದು 500 ಅಕ್ಷರ ಮಾತ್ರ. "ಇದೊಂದು ಮನಮುಟ್ಟುವ ಹಾಡು" ಅಂತ ಬರೆದು ಅದನ್ನು ಹಾಳು ಮಾಡಬೇಡಿ. ಯಾವ ಸೀಮೆಯ ಭಾಷೆ, ಯಾವ ವಾದ್ಯ, ಹಾಡು ಯಾತರ ಬಗ್ಗೆ, ಬಿಡುಗಡೆ ವಾರದಲ್ಲಿ ಎಲ್ಲಿ ಹಾಡ್ತಿದ್ದೀರಿ, ಅಷ್ಟು ಸಾಕು. ನಮ್ಮ ಹಾಡನ್ನು ಎಡಿಟರ್‌ಗಳು ಒಮ್ಮೆಯೂ ತೆಗೆದುಕೊಂಡಿಲ್ಲ. ಕನ್ನಡದ ಪಟ್ಟಿಗಳಲ್ಲಿ ಸಿನಿಮಾ ಹಾಡುಗಳದೇ ಗದ್ದಲ, ನಮ್ಮಂಥವರಿಗೆ ಸಿಗುವ ಜಾಗ ಇಷ್ಟೇ ಇಷ್ಟು. ಆದರೂ ಕಳಿಸುತ್ತಲೇ ಇದ್ದೇವೆ, ಹತ್ತು ನಿಮಿಷದ ಕೆಲಸ, ದುಡ್ಡಿಲ್ಲ.

ದುಡ್ಡು ಅಂದ ಮೇಲೆ ಹೇಳಿಬಿಡುತ್ತೇನೆ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಒಂದು ಹಾಡು 1,000 ಸಲ ಕೇಳಿಸಿಕೊಳ್ಳದಿದ್ದರೆ ಆ ಹಾಡಿಗೆ ಒಂದು ಪೈಸೆಯೂ ಬರೋದಿಲ್ಲ. ದಾಟಿದರೂ ಬರುವುದು ಪೈಸೆ ಲೆಕ್ಕವೇ. ಕೇಳುಗ 30 ಸೆಕೆಂಡ್ ದಾಟಿದರೆ ಮಾತ್ರ ಒಂದು ಲೆಕ್ಕ. ಇದನ್ನು ತಿಳಿದ ದಿನ ನಮ್ಮ ಗಿಟಾರಿನವನು ಆಲಾಪ ಕತ್ತರಿಸೋಣ ಅಂದ. ನಾನು ಒಪ್ಪಲಿಲ್ಲ, ಜಗಳವೇ ಆಯ್ತು. ಕೊನೆಗೆ ಎರಡು ಆವೃತ್ತಿ ಮಾಡಿದೆವು, ಒಂದರಲ್ಲಿ ಪಲ್ಲವಿಯಿಂದಲೇ ಶುರು, ಇನ್ನೊಂದು ಪೂರ್ತಿ. ತಮಾಷೆ ಏನೆಂದರೆ ಯೂಟ್ಯೂಬ್‌ನಲ್ಲಿ ಪೂರ್ತಿ ಇರುವುದನ್ನೇ ಜನ ಜಾಸ್ತಿ ಕೇಳಿದ್ದಾರೆ. ಅದರಿಂದ ಏನು ಸಾಬೀತಾಯ್ತೋ ಗೊತ್ತಿಲ್ಲ, ಜಗಳ ಅಂತೂ ನಾನೇ ಗೆದ್ದೆ.

ಹಾಡು ಬಿಟ್ಟ ಮರುದಿನವೇ ಇನ್‌ಸ್ಟಾಗ್ರಾಂನಲ್ಲಿ ಮೆಸೇಜು ಶುರುವಾಗುತ್ತವೆ. ಇಷ್ಟು ಸಾವಿರ ಕೊಡಿ, ಹತ್ತು ಸಾವಿರ ಸ್ಟ್ರೀಮ್ ಗ್ಯಾರಂಟಿ, ಪ್ಲೇಲಿಸ್ಟಿಗೆ ಹಾಕಿಸುತ್ತೇವೆ ಅಂತ. ಸುಮ್ನೆ ಬ್ಲಾಕ್ ಮಾಡಿ. ಅವರ ಪ್ಲೇಲಿಸ್ಟ್ ತೆರೆದು ನೋಡಿದರೆ ಒಂದು ಪಂಜಾಬಿ, ಒಂದು ಸ್ಪ್ಯಾನಿಷ್, ಒಂದು ಭಜನೆ, ನಡುವೆ ನಿಮ್ಮ ಹಾಡು. ಅಲ್ಲಿ ಕೇಳೋದು ಮನುಷ್ಯರಲ್ಲ, ಬಾಟ್‌ಗಳು, ಅಂದರೆ ಸುಳ್ಳು ಲೆಕ್ಕ ಏರಿಸುವ ಕಂಪ್ಯೂಟರ್ ಪ್ರೋಗ್ರಾಂಗಳು. ಹೀಗೆ ಸಿಕ್ಕಿಬಿದ್ದರೆ ಸ್ಪಾಟಿಫೈ ಡಿಸ್ಟ್ರಿಬ್ಯೂಟರ್‌ಗೆ ದಂಡ ಹಾಕುತ್ತದೆ, ಡಿಸ್ಟ್ರಿಬ್ಯೂಟರ್ ಅದನ್ನು ನಿಮ್ಮ ಮೇಲೆ ಹಾಕುತ್ತಾನೆ, ಹಾಡೂ ಇಳಿಯಬಹುದು. ನನ್ನ ಪರಿಚಯದ ಹುಡುಗನೊಬ್ಬನ ಒಳ್ಳೆಯ ಹಾಡು ಹೀಗೇ ಮಾಯವಾಯಿತು. ಮತ್ತೆ ಏರಿಸುವಷ್ಟರಲ್ಲಿ ಕೇಳುತ್ತಿದ್ದ ಒಂದಿಷ್ಟು ನಿಜವಾದ ಜನರೂ ಚದುರಿದ್ದರು.

ರೀಲ್ಸ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಒಂದೇ ಮಾತು ಹೇಳುತ್ತೇನೆ. ಹಾಡು ಇನ್‌ಸ್ಟಾಗ್ರಾಂನ ಮ್ಯೂಸಿಕ್ ಲೈಬ್ರರಿಯಲ್ಲಿ ಕಾಣಿಸಿಕೊಂಡ ಮೇಲೆ ಅದೇ ಆಡಿಯೊ ಹಾಕಿ ರೀಲ್ ಮಾಡಿ. ಅದಕ್ಕೂ ಮೊದಲೇ ಪೂರ್ತಿ ಹಾಡಿನ ತುಣುಕು ಹಾಕಿದರೆ ಅದು "ಒರಿಜಿನಲ್ ಆಡಿಯೊ" ಅಂತ ಬೇರೆಯಾಗಿಯೇ ಉಳಿಯುತ್ತದೆ, ಜನ ಅದನ್ನು ಎತ್ತಿಕೊಂಡು ರೀಲ್ ಮಾಡಿದರೂ ನಿಮ್ಮ ಅಸಲಿ ಹಾಡಿಗೆ ದಾರಿ ಸಿಗೋದಿಲ್ಲ. ಮೊದಲು ರಿಹರ್ಸಲ್, ಮಾತು, ಬರೀ ಹಾರ್ಮೋನಿಯಂ ಜೊತೆ ಎರಡು ಸಾಲು, ಇಷ್ಟೇ ಹಾಕಿ. ನಮಗೆ ಎಲ್ಲಕ್ಕಿಂತ ಚೆನ್ನಾಗಿ ಓಡಿದ್ದು ಹಾಡಿದ ರೀಲ್ ಅಲ್ಲ. ತತ್ವಪದದ ಒಂದು ಸಾಲಿನ ಒಳಾರ್ಥ ಏನು ಅಂತ ತಬಲಾದವನು ಹಿಟ್ಟಿನ ಗಿರಣಿ ಮುಂದೆ ನಿಂತು ಹೇಳಿದ್ದು. ಬೂಸ್ಟ್ ಬಟನ್ ಒತ್ತಿ ದುಡ್ಡೂ ಸುರಿದು ನೋಡಿದೆವು. ಲೈಕ್ ಬಂದವು, ಕೇಳುಗರು ಬರಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಉತ್ತರ ಕರ್ನಾಟಕದ ಜಾನಪದ ಗಾಯಕರ ಯೂಟ್ಯೂಬ್ ಚಾನೆಲ್‌ಗಳನ್ನು ನೋಡಿದ್ದೀರಾ? ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು. ಥಂಬ್‌ನೇಲ್‌ನಲ್ಲಿ ಗಾಯಕರ ಮುಖ, ದಪ್ಪ ಅಕ್ಷರ, ಕೆಳಗೆ ದೊಡ್ಡದಾಗಿ ಮೊಬೈಲ್ ನಂಬರ್. ನಗರದ ಸಂಗೀತದವರು ಅದನ್ನು ನೋಡಿ ನಗುತ್ತಾರೆ. ಆದರೆ ಆ ನಂಬರಿಗೆ ಜಾತ್ರೆ, ಮದುವೆ, ಗಣಪತಿ ಕಾರ್ಯಕ್ರಮದ ಕರೆ ಬರುತ್ತದೆ. ಹಾಡು ಅಲ್ಲಿ ಜಾಹೀರಾತು, ದುಡಿಮೆ ವೇದಿಕೆಯ ಮೇಲೆ. ಮಾರ್ಕೆಟಿಂಗ್ ಕೋರ್ಸ್ ಮಾಡಿದವರಿಗಿಂತ ಇವರಿಗೆ ಈ ಕೆಲಸ ಚೆನ್ನಾಗಿ ಗೊತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾವೂ ನಂಬರ್ ಹಾಕಿದೆವು, ಇದಕ್ಕೆಂದೇ ಬೇರೆ ಸಿಮ್ ತಗೊಂಡು. ವಿವರಣೆಯಲ್ಲಿ ಪೂರ್ತಿ ಸಾಹಿತ್ಯವನ್ನು ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದಲ್ಲೂ ಹಾಕಿದೆವು, ಯಾಕಂದರೆ ಹಾಡಿನ ಹೆಸರು ಗೊತ್ತಿಲ್ಲದವರು ನೆನಪಿರುವ ಒಂದು ಸಾಲು ಬರೆದು ಹುಡುಕುತ್ತಾರೆ.

ಯೂಟ್ಯೂಬ್‌ನಿಂದ ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳು, ಒಂದು ವರ್ಷದಲ್ಲಿ 4,000 ಗಂಟೆ ನೋಡಿಕೆ ಬೇಕು. ಅದು ನಿಧಾನಕ್ಕೆ ಆಯ್ತು. ನಡುವೆ ಒಂದು ಹಾಸ್ಯ ನಡೆಯಿತು. ನಮ್ಮದೇ ಚಾನೆಲ್‌ನ ನಮ್ಮದೇ ವಿಡಿಯೊ ಮೇಲೆ ನಮ್ಮ ಡಿಸ್ಟ್ರಿಬ್ಯೂಟರ್ ಕಡೆಯಿಂದಲೇ ಕಾಪಿರೈಟ್ ಕ್ಲೇಮ್ ಬಂತು! ಯಾರ ಹಾಡು ಎಲ್ಲಿ ಬಳಕೆಯಾಯ್ತು ಅಂತ ಯೂಟ್ಯೂಬ್ ತಾನೇ ಹಿಡಿಯುವ ವ್ಯವಸ್ಥೆಗೆ ಕಂಟೆಂಟ್ ಐಡಿ ಅನ್ನುತ್ತಾರೆ. ಹಾಡನ್ನು ಅದಕ್ಕೆ ಸೇರಿಸುವಾಗ, ಈ ಚಾನೆಲ್ ನಮ್ಮದೇ, ಇದನ್ನು ಬಿಟ್ಟುಬಿಡಿ ಅಂತ ಪಟ್ಟಿಗೆ ಸೇರಿಸಿಕೊಳ್ಳಬೇಕಿತ್ತು. ಅವರು ಅದನ್ನು ಎಲ್ಲೂ ಹೇಳಿರಲಿಲ್ಲ. ಮೇಲ್ ಮೇಲೆ ಮೇಲ್ ಬರೆದ ಮೇಲೆ ಬಿಟ್ಟರು. ಹಾಗೆಯೇ ಡಿಸ್ಟ್ರಿಬ್ಯೂಟರ್ ಕಳಿಸಿದ ಹಾಡುಗಳಿಗೆ ಯೂಟ್ಯೂಬ್ ತಾನೇ ಒಂದು 'ಟಾಪಿಕ್' ಚಾನೆಲ್ ಮಾಡುತ್ತದೆ. ಅದನ್ನೂ ನಿಮ್ಮ ಚಾನೆಲನ್ನೂ ಕೂಡಿಸಿ ಅಧಿಕೃತ ಕಲಾವಿದರ ಚಾನೆಲ್ ಮಾಡಿಕೊಡಿ ಅಂತ ಡಿಸ್ಟ್ರಿಬ್ಯೂಟರನ್ನೇ ಕೇಳಬೇಕು.

ಬಸ್‌ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗಳಲ್ಲಿ ಇವತ್ತಿಗೂ ಮೆಮೊರಿ ಕಾರ್ಡು, ಪೆನ್‌ಡ್ರೈವ್‌ಗೆ ಹಾಡು ತುಂಬಿಸಿಕೊಡುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ನವರು ರಾತ್ರಿಯಿಡೀ ಕೇಳೋದು ಅದನ್ನೇ. ನಮ್ಮ ತಬಲಾದವನು ಒಂದು ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋದ. ಅಂಗಡಿಯವರು ಎರಡು ಹಾಡು ಕೇಳಿ, "ಹಾಡು ಚಲೋ ಅದಾವು ಅಣ್ಣಾರ, ಆದ್ರ ಟ್ರ್ಯಾಕ್ಟರ್‌ನ್ಯಾಗ ಇವು ಕೇಳಂಗಿಲ್ರಿ. ಢಬ್ ಢಬ್ ಅನ್ನಬೇಕ್ರಿ" ಅಂದರಂತೆ. ಅವರು ಹೇಳಿದ್ದು ರುಚಿಯ ಮಾತಲ್ಲ, ಇಂಜಿನ್ ಸದ್ದಿನ ಮಾತು. ಆ ಸದ್ದಿನಲ್ಲಿ ನಮ್ಮ ಗಿಟಾರು ಎಲ್ಲಿ ಕೇಳಬೇಕು? ಎಲ್ಲ ಹಾಡಿಗೂ ಅದನ್ನು ಮಾಡೋಕಾಗೋದಿಲ್ಲ, ಆದರೆ ಒಂದು ಹಾಡಿಗೆ ಹಲಗಿ ವಾದ್ಯ ಸೇರಿಸಿ, ಕೆಳಗಿನ ಸದ್ದು ಗಟ್ಟಿ ಮಾಡಿ ಬೇರೆ ಮಿಕ್ಸ್ ಮಾಡಿ ಕೊಟ್ಟೆವು. ಅದರಿಂದ ಒಂದು ರೂಪಾಯಿ ಬಂದಿಲ್ಲ, ಬರೋದೂ ಇಲ್ಲ. ಆದರೆ ನಾವು ಕಾಲಿಡದ ಊರುಗಳಿಂದ ಆ ಸಿಮ್ಮಿಗೆ ಫೋನ್ ಬರೋಕೆ ಶುರುವಾಗಿದ್ದು ಆಮೇಲೆಯೇ. ಫೈಲಿನ ಹೆಸರಿನಲ್ಲೇ ತಂಡದ ಹೆಸರು, ನಂಬರ್ ಎರಡೂ ಇತ್ತು. ಇದೊಂದು ಉಪಾಯ ನಮ್ಮದೇ, ಬೇಕಾದರೆ ಕದಿಯಿರಿ.

ಫೋನ್ ಮಾಡಿದವರನ್ನು ಏನು ಮಾಡೋದು? ಇಲ್ಲಿ ವಾಟ್ಸ್‌ಆ್ಯಪ್. ಗ್ರೂಪ್ ಬೇಡ, ಗುಡ್ ಮಾರ್ನಿಂಗ್ ಹೂವುಗಳಲ್ಲಿ ಹಾಡು ಮುಳುಗಿ ಹೋಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆವು, ಅದರಲ್ಲಿ ಒಂದೇ ಮೆಸೇಜು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿಗೆ 256 ಜನ, ಮತ್ತು ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜು ಮುಟ್ಟುತ್ತದೆ. ಈ ಎರಡನೆಯ ನಿಯಮ ಒಂದು ರೀತಿ ಒಳ್ಳೆಯದೇ, ನಿಜವಾಗಿ ಬೇಕಾದವರಷ್ಟೇ ಉಳಿಯುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಡುತ್ತೇವೆ: ಹೆಸರು, ಊರು, ನಂಬರ್. "ಸೇವ್ ಮಾಡ್ಕೋರಿ, ಹೊಸ ಹಾಡು ಬಂದಾಗ ಇಷ್ಟ ಕಳಸ್ತೀವಿ" ಅಂತ ಹೇಳುತ್ತೇವೆ, ಹೇಳಿದ ಹಾಗೆ ಅಷ್ಟೇ ಕಳಿಸುತ್ತೇವೆ. ಲಿಸ್ಟ್‌ಗಳನ್ನು ಊರಿನ ಪ್ರಕಾರ ಮಾಡಿದ್ದು ಬಹಳ ಉಪಯೋಗಕ್ಕೆ ಬಂತು. ಗದಗಕ್ಕೆ ಹೋಗುವಾಗ ಗದಗ, ಕೊಪ್ಪಳದವರಿಗೆ ಮಾತ್ರ ಹೇಳುತ್ತೇವೆ, ಬೆಳಗಾವಿಯವರಿಗೆ ಕಿರಿಕಿರಿ ಇಲ್ಲ. ಯೂಟ್ಯೂಬ್‌ನ ಅಂಕಿಅಂಶದಲ್ಲಿ ನೋಡುಗರು ಎಲ್ಲಿಂದ ಬಂದರು ಅಂತ ತೋರಿಸುತ್ತದೆ. ಹೊರಗಿನಿಂದ ಬಂದವರಲ್ಲಿ ನಮಗೆ ಮೊದಲ ಸ್ಥಾನದಲ್ಲಿ ವಾಟ್ಸ್‌ಆ್ಯಪೇ ಇದೆ, ಇನ್‌ಸ್ಟಾಗ್ರಾಂ ಎಷ್ಟೋ ಕೆಳಗೆ. ವಾಟ್ಸ್‌ಆ್ಯಪ್ ಚಾನೆಲ್ ಕೂಡ ತೆರೆದೆವು. ಅಲ್ಲಿ ಜನ ತಿರುಗಿ ಮಾತಾಡೋಕಾಗೋದಿಲ್ಲ, ಹಾಗಾಗಿ ನನಗೆ ಅದು ಅಷ್ಟು ಹಿಡಿಸಲಿಲ್ಲ.

ಯಾಕಂದರೆ ತಿರುಗಿ ಬಂದ ಮಾತುಗಳಿಂದಲೇ ನಮ್ಮ ಕಾರ್ಯಕ್ರಮಗಳು ಹುಟ್ಟಿದ್ದು. ಬೆಂಗಳೂರಿನ ವಿಜಯನಗರದಲ್ಲಿರುವ ಬಾಗಲಕೋಟೆ ಕಡೆಯ ಒಬ್ಬರು, "ತಂಗೀ, ನಮ್ಮ ಮನಿಯೊಳಗ ಒಂದು ಬೈಠಕ್ ಇಡೂಣೇನವಾ?" ಅಂತ ಬರೆದರು. ಧಾರವಾಡದವರಿಗೆ ಬೈಠಕ್ ಹೊಸದೇನಲ್ಲ. ಹಾಲ್‌ನ ಸೋಫಾ ಹೊರಗಿಟ್ಟು ಜಮಖಾನ ಹಾಸಿ, ಮೈಕ್ ಇಲ್ಲದೆ ಹಾಡಿದೆವು. ಆಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ. ಬಾಗಿಲ ಹತ್ತಿರ ಯುಪಿಐ ಕ್ಯೂಆರ್ ಕೋಡ್, ಮನಸ್ಸಿಗೆ ಬಂದಷ್ಟು ಹಾಕಿ ಅಂತ. ಸ್ಟ್ರೀಮಿಂಗ್‌ನಿಂದ ಇಡೀ ವರ್ಷಕ್ಕೆ ಬಂದದ್ದಕ್ಕಿಂತ ಆ ಒಂದು ಸಂಜೆ ಜಾಸ್ತಿ ಬಂತು, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಅಲ್ಲಿ ಕೂತವರಲ್ಲೇ ಇಬ್ಬರು ತಮ್ಮ ಮನೆಗೆ ಕರೆದರು. ಅಪಾರ್ಟ್‌ಮೆಂಟಿನ ಕನ್ನಡ ಸಂಘದ ಒಬ್ಬರು ರಾಜ್ಯೋತ್ಸವಕ್ಕೆ ಕರೆದರು. ಅಲ್ಲಿ ಮಾತ್ರ ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೂ ಊಟಕ್ಕೂ ನಡುವೆ ಸಿಕ್ಕಿಕೊಂಡು, ಯಾರೂ ಕೇಳಲಿಲ್ಲ. ಅಂಥವಕ್ಕೆ ಈಗ ಮೊದಲೇ ಸಂಭಾವನೆ ಮಾತಾಡಿಕೊಂಡೇ ಹೋಗುತ್ತೇವೆ.

ನಮ್ಮ ಕಡೆ ಮಠಗಳಲ್ಲಿ ಶಿವಾನುಭವ ಗೋಷ್ಠಿ ನಡೆಯುತ್ತವೆ, ಕೆಲವು ಕಡೆ ವಾರಕ್ಕೊಮ್ಮೆ, ಕೆಲವು ಕಡೆ ತಿಂಗಳಿಗೊಮ್ಮೆ. ಪ್ರವಚನದ ಮುಂಚೆ ವಚನ ಸಂಗೀತ ಇರುತ್ತದೆ. ಕೇಳಲಿಕ್ಕೆಂದೇ ಬಂದು ಕೂತ ಜನ, ಕೈಯಲ್ಲಿ ಫೋನ್ ಇಲ್ಲ. ಇಂಥ ಸಭೆ ಯಾವ ಕೆಫೆಯಲ್ಲಿ ಸಿಗುತ್ತದೆ ಹೇಳಿ? ಅಲ್ಲಿಗೆ ಒಳಗೆ ಹೋಗಲು ನಮಗೆ ನೆರವಾದದ್ದು ಫಾಲೋವರ್ ಸಂಖ್ಯೆ ಅಲ್ಲ, ಆಕಾಶವಾಣಿ ಗ್ರೇಡ್. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಗೆ ನಮ್ಮ ಕಡೆ ಇನ್ನೂ ಒಂದು ತೂಕ ಇದೆ. ಆಡಿಷನ್ ಕೊಟ್ಟು ನನಗೆ ಬಿ ಗ್ರೇಡ್ ಸಿಕ್ಕಿತು. ಪೋಸ್ಟರ್‌ನಲ್ಲಿ ಹೆಸರಿನ ಕೆಳಗೆ "ಆಕಾಶವಾಣಿ ಕಲಾವಿದರು" ಅಂತ ಬಂದದ್ದೇ ತಡ, ಕಾಲೇಜು ಪ್ರಿನ್ಸಿಪಾಲರಿಂದ ಹಿಡಿದು ಮಠದ ಕಾರ್ಯದರ್ಶಿಯವರೆಗೆ ಎಲ್ಲರೂ "ಬರ‍್ರಿ, ಕೂಡ್ರಿ" ಅನ್ನತೊಡಗಿದರು. ಹಳೇ ಕಾಲದ್ದು ಅಂತ ಇದನ್ನು ಬಿಡಬೇಡಿ. ಕಮ್ಯೂನಿಟಿ ರೇಡಿಯೊಗಳೂ ಇವೆ, ಮಣಿಪಾಲದಲ್ಲಿ ರೇಡಿಯೊ ಮಣಿಪಾಲ, ಮಂಗಳೂರಲ್ಲಿ ರೇಡಿಯೊ ಸಾರಂಗ್. ನಿಮ್ಮ ಊರಿನ ಹತ್ತಿರ ಇಂಥದ್ದು ಇದ್ದರೆ ಹೋಗಿ ಮಾತಾಡಿ, ಖಾಸಗಿ ಎಫ್‌ಎಂನವರಿಗಿಂತ ಇವರಿಗೆ ಸ್ಥಳೀಯ ಹಾಡು ಬೇಕಿರುತ್ತದೆ.

ಒಂದು ಹಾಡು ಸ್ವಲ್ಪ ಓಡಿತು ಅನ್ನುವಾಗ ಒಂದು ಆಡಿಯೊ ಕಂಪನಿಯವರು ಬಂದರು. ಒಂದೇ ಸಲಕ್ಕೆ ಒಂದಿಷ್ಟು ದುಡ್ಡು, ಎಲ್ಲ ಹಕ್ಕೂ ಅವರಿಗೆ, ಶಾಶ್ವತವಾಗಿ. ಕರಾರು ಪತ್ರ ಇಂಗ್ಲಿಷಿನಲ್ಲಿ, ಸಹಿ ಇವತ್ತೇ ಬೇಕು. ಪರಿಚಯದ ವಕೀಲರೊಬ್ಬರಿಗೆ ತೋರಿಸಿದೆವು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ಆದ ತಿದ್ದುಪಡಿ ಪ್ರಕಾರ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಡಲು ಬರುವುದೇ ಇಲ್ಲ, ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ (ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆಗೆ) ಮಾತ್ರ ಕೊಡಬಹುದು ಅಂತ ಅವರು ತಿಳಿಸಿದರು. ನಾವು ಇಷ್ಟು ಹೇಳಿದ ಮೇಲೆ ಕಂಪನಿಯವರು ಮತ್ತೆ ಫೋನ್ ಮಾಡಲಿಲ್ಲ. ಊರುಗಳಲ್ಲಿ ಎಷ್ಟೋ ಗಾಯಕರು ಐದೋ ಹತ್ತೋ ಸಾವಿರಕ್ಕೆ ಇಂಥ ಕಾಗದಕ್ಕೆ ಸಹಿ ಹಾಕಿ, ಆಮೇಲೆ ತಮ್ಮ ಹಾಡನ್ನು ತಮ್ಮದೇ ಚಾನೆಲ್‌ಗೆ ಹಾಕಲಾಗದೆ ಕೂತಿದ್ದಾರೆ. ಸಹಿ ಹಾಕಬೇಡಿ ಅಂತ ನಾನು ಹೇಳೋದಿಲ್ಲ, ಮಗಳ ಫೀ ಕಟ್ಟಬೇಕಾದಾಗ ಹತ್ತು ಸಾವಿರ ದೊಡ್ಡದೇ. ಆದರೆ ಶಾಶ್ವತ ಅನ್ನುವ ಜಾಗದಲ್ಲಿ ಮೂರು ವರ್ಷ ಅಂತ ಬರೆಸಲು ಕೇಳಿನೋಡಿ, ಕೇಳೋದಕ್ಕೆ ದುಡ್ಡು ಕೊಡಬೇಕಿಲ್ಲ.

ಹಾಡು ಬರೆಯುವವರು, ರಾಗ ಹಾಕುವವರು ಐಪಿಆರ್‌ಎಸ್ ಅನ್ನೋ ಕಾಪಿರೈಟ್ ಸೊಸೈಟಿಗೂ ಸೇರಿಕೊಳ್ಳಿ. ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗಿನ ದುಡ್ಡು, ಸಾಹಿತ್ಯ-ಸಂಗೀತದ ಪಾಲು ಸೊಸೈಟಿ ಮೂಲಕ ಬರುತ್ತದೆ, ಎರಡೂ ಬೇರೆ. ಸದಸ್ಯರಾದ ಮೇಲೆ ಪ್ರತಿ ಹಾಡನ್ನೂ ಅವರಲ್ಲಿ ದಾಖಲು ಮಾಡಬೇಕು, ಬರೀ ಸೇರಿದರೆ ಏನೂ ಬರೋದಿಲ್ಲ. ನಮ್ಮ ಮೂವರಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋದನ್ನ ಹಾಡು ರೆಕಾರ್ಡ್ ಆದ ದಿನವೇ ಕಾಗದದ ಮೇಲೆ ಬರೆದು ಸಹಿ ಮಾಡುತ್ತೇವೆ. ಬರೋದು ಚಿಲ್ಲರೆ ದುಡ್ಡೇ, ಹಾಗಂತ ಬಿಟ್ಟರೆ ಮುಂದೆ ಆ ಚಿಲ್ಲರೆಗೇ ಮನಸ್ತಾಪ.

ಸದ್ಯಕ್ಕೆ ಶ್ರಾವಣದ ತಯಾರಿ ನಡೀತಾ ಇದೆ. ತಿಂಗಳಿಡೀ ಮಠಗಳಲ್ಲಿ ಪ್ರವಚನ, ಅದರ ಬೆನ್ನಿಗೇ ಗಣಪತಿ, ನಮಗೆ ವರ್ಷದ ಸುಗ್ಗಿ. ಹೊಸ ಹಾಡನ್ನು ಆಷಾಢದಲ್ಲೇ ಬಿಟ್ಟು, ನೋಟ್‌ಬುಕ್ಕಿನಲ್ಲಿ ಇರುವ ಊರುಗಳಿಗೆಲ್ಲ ಕಳಿಸಿ, ಎಲ್ಲಿಂದ ಕರೆ ಬರುತ್ತೋ ನೋಡೋದು. ಹಾಡು ರೆಡಿ ಇದೆ, ಹಲಗಿ ಮಿಕ್ಸೂ ಇದೆ. ಮೂವರಿಗೂ ಒಂದೇ ದಿನ ಆಫೀಸಿನಲ್ಲಿ ರಜೆ ಸಿಗೋದೊಂದೇ ಬಾಕಿ.